ಎರರ್ ತೋರಿಸಿದ ಸಾಲಿನಲ್ಲೇ ತಪ್ಪು ಇರುತ್ತದೆಯೇ? ಕಂಪ್ಯೂಟರ್ ಸಾಲು ಎಣಿಸುವ ಬಗೆ ಇಲ್ಲಿದೆ

ಪ್ರೋಗ್ರಾಮಿಂಗ್ ಕಲಿಯಲು ಶುರು ಮಾಡಿದ ಬಹುತೇಕ ಎಲ್ಲರಿಗೂ ಒಂದಲ್ಲ ಒಂದು ದಿನ ಎದುರಾಗುವ ಸಮಸ್ಯೆ ಇದು. ಕೋಡ್ ಬರೆದು ರನ್ ಮಾಡುತ್ತೀರಿ. '12ನೇ ಸಾಲಿನಲ್ಲಿ ಎರರ್' ಎಂಬ ಸಂದೇಶ ಬರುತ್ತದೆ. 12ನೇ ಸಾಲನ್ನು ಹತ್ತು ಸಲ ಓದುತ್ತೀರಿ, ಏನೂ ತಪ್ಪು ಕಾಣುವುದಿಲ್ಲ. ಅಳಿಸಿ ಮತ್ತೆ ಟೈಪ್ ಮಾಡುತ್ತೀರಿ, ಅದೇ ಎರರ್. ಕೊನೆಗೆ ಆ ಸಾಲನ್ನೇ ತೆಗೆದುಹಾಕಿದರೆ, ಅದರ ಜಾಗಕ್ಕೆ ಬಂದ ಮುಂದಿನ ಸಾಲಿನ ಮೇಲೂ ಅದೇ ದೂರು!

ಇಷ್ಟು ಹೊತ್ತಿಗೆ ಹಲವರು ಎರಡರಲ್ಲಿ ಒಂದು ತೀರ್ಮಾನಕ್ಕೆ ಬಂದಿರುತ್ತಾರೆ. ಒಂದು, 'ಕಂಪ್ಯೂಟರ್ ಸುಳ್ಳು ಹೇಳುತ್ತಿದೆ'. ಇನ್ನೊಂದು, 'ಕೋಡಿಂಗ್ ನನ್ನ ಕೈಲಾಗುವ ಕೆಲಸವಲ್ಲ'. ಎರಡೂ ನಿಜವಲ್ಲ.

ನಂಬಿಕೆ: ಎರರ್ ಸಂದೇಶದಲ್ಲಿರುವ ಲೈನ್ ನಂಬರ್ ಎಂದರೆ ನೀವು ತಪ್ಪು ಮಾಡಿದ ಸಾಲು.

ವಾಸ್ತವ: ಲೈನ್ ನಂಬರ್ ಎಂದರೆ ಕಂಪ್ಯೂಟರ್‌ಗೆ 'ಇನ್ನು ಮುಂದೆ ಓದಲು ಸಾಧ್ಯವಿಲ್ಲ' ಎಂದು ಗೊತ್ತಾದ ಸಾಲು. ತಪ್ಪು ಅಲ್ಲೇ ಇರಬಹುದು, ಅಥವಾ ಅದಕ್ಕಿಂತ ಎಷ್ಟೋ ಮೇಲೆ ಇರಬಹುದು.

ಇದು ಯಾಕೆ ಹೀಗೆ? ಸಾಲುಗಳನ್ನು ಎಣಿಸುವುದು ಯಾರು? ಎಣಿಕೆ ಎಲ್ಲಿ ತಪ್ಪುತ್ತದೆ? ಒಂದೊಂದಾಗಿ ನೋಡೋಣ.

ಮೊದಲು ಒಂದು ಚಿಕ್ಕ ಉದಾಹರಣೆ

ಕೆಳಗಿನ ಮೂರು ಸಾಲು ನೋಡಿ. ಇದು ಪೈಥಾನ್ ಭಾಷೆಯ ಕೋಡ್. ಓದಲು ಸುಲಭವಾಗಲಿ ಎಂದು ಪೈಥಾನ್‌ನ ಪದಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದೆ.

1: ಬೆಲೆಗಳು = [250, 40, 75,
2: ಒಟ್ಟು = ಸಮ್(ಬೆಲೆಗಳು)
3: ಪ್ರಿಂಟ್(ಒಟ್ಟು)

ತಪ್ಪು ಎಲ್ಲಿದೆ? ಮೊದಲ ಸಾಲಿನಲ್ಲಿ ತೆರೆದ ಚೌಕ ಬ್ರಾಕೆಟ್ ಮುಚ್ಚಿಲ್ಲ. ಆದರೆ ಪೈಥಾನ್‌ನ 3.9 ಮತ್ತು ಅದಕ್ಕಿಂತ ಹಳೆಯ ಆವೃತ್ತಿಗಳು ಇಂಥ ಕೋಡ್‌ಗೆ 2ನೇ ಸಾಲಿನಲ್ಲಿ ಸಿಂಟ್ಯಾಕ್ಸ್ ಎರರ್ ಎಂದು ಹೇಳುತ್ತಿದ್ದವು. 2ನೇ ಸಾಲಿನಲ್ಲೋ, ಯಾವ ದೋಷವೂ ಇಲ್ಲ.

ಕಂಪ್ಯೂಟರ್ ಜಾಗದಲ್ಲಿ ನಿಂತು ಓದಿ ನೋಡಿ. 75 ಆದ ಮೇಲೆ ಕಾಮಾ ಇದೆ. ಅಂದರೆ ಪಟ್ಟಿ ಇನ್ನೂ ಮುಗಿದಿಲ್ಲ, ಮುಂದಿನ ವಸ್ತು ಬರಬೇಕು. ಬ್ರಾಕೆಟ್ ಒಳಗಿರುವಾಗ ಪೈಥಾನ್ ಹೊಸ ಸಾಲನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಏಕೆಂದರೆ ಉದ್ದದ ಪಟ್ಟಿಯನ್ನು ನಾಲ್ಕೈದು ಸಾಲಿನಲ್ಲಿ ಬರೆಯುವುದು ಮಾಮೂಲು. ಆದ್ದರಿಂದ ಮುಂದೆ ಬಂದ 'ಒಟ್ಟು' ಎಂಬ ಹೆಸರನ್ನೂ ಪಟ್ಟಿಯ ನಾಲ್ಕನೇ ವಸ್ತು ಎಂದೇ ಅದು ತಿಳಿಯುತ್ತದೆ. ಅಲ್ಲಿಯವರೆಗೂ ಎಲ್ಲ ಸರಿ! ಅದರ ನಂತರ ಸಮ ಚಿಹ್ನೆ ಕಂಡಾಗ ಮಾತ್ರ ಎಡವುತ್ತದೆ. ಪಟ್ಟಿಯ ಒಳಗೆ ಆ ಚಿಹ್ನೆಗೆ ಜಾಗವಿಲ್ಲ. ಅದು ಎಡವಿದ್ದು 2ನೇ ಸಾಲಿನಲ್ಲಿ, ಅದಕ್ಕೇ 2 ಎಂದು ಹೇಳಿತು.

ಕನ್ನಡ ಓದುವಾಗಲೂ ಹೀಗೇ ಆಗುತ್ತದೆ. 'ಅಕ್ಕ ನಿನ್ನೆ ಊರಿಂದ ಬಂದು' ಎಂದು ಬರೆದು, ಕ್ರಿಯಾಪದ ಹಾಕುವುದನ್ನು ಮರೆತು, ಮುಂದಿನ ಸಾಲಿನಲ್ಲಿ 'ನಾಳೆ ಮಳೆ ಬರಬಹುದು' ಎಂದು ಬರೆದರೆ, ಓದುವವರು ಗಕ್ಕನೆ ನಿಲ್ಲುವುದು ಎರಡನೇ ಸಾಲಿನಲ್ಲಿ. 'ಬಂದು' ಎಂಬಲ್ಲಿ ಅವರಿಗೆ ಏನೂ ಅನ್ನಿಸುವುದಿಲ್ಲ, ಏಕೆಂದರೆ ವಾಕ್ಯ ಮುಂದುವರಿಯುತ್ತದೆ ಎಂಬ ನಂಬಿಕೆ. ಬಿಟ್ಟುಹೋದ ಪದ ಮೊದಲ ಸಾಲಿನದು, ಗೊಂದಲ ಮಾತ್ರ ಎರಡನೇ ಸಾಲಿನದು.

ಕೋಡ್ ಓದುವವರು ಇಬ್ಬರು: ಲೆಕ್ಸರ್ ಮತ್ತು ಪಾರ್ಸರ್

ನೀವು ಬರೆದ ಕೋಡ್ ಕಂಪ್ಯೂಟರ್‌ಗೆ ಮೊದಲು ಕಾಣುವುದು ಬರೀ ಅಕ್ಷರಗಳ ಉದ್ದನೆಯ ಸರವಾಗಿ. ಅದನ್ನು ಅರ್ಥ ಮಾಡಿಕೊಳ್ಳುವ ಕೆಲಸವನ್ನು ಸಾಮಾನ್ಯವಾಗಿ ಎರಡು ಭಾಗಗಳು ಹಂಚಿಕೊಳ್ಳುತ್ತವೆ.

ಮೊದಲನೆಯದು ಲೆಕ್ಸರ್. ಇದು ಅಕ್ಷರಗಳನ್ನು ಕೂಡಿಸಿ ಪದಗಳನ್ನು ಮಾಡುತ್ತದೆ. ಈ ಪದಗಳಿಗೆ ಟೋಕನ್ ಎಂದು ಹೆಸರು. ನಮ್ಮ ಉದಾಹರಣೆಯ ಮೊದಲ ಸಾಲಿನಲ್ಲಿ 9 ಟೋಕನ್‌ಗಳಿವೆ: ಬೆಲೆಗಳು ಎಂಬ ಹೆಸರು, ಸಮ ಚಿಹ್ನೆ, ಬ್ರಾಕೆಟ್, ಮೂರು ಸಂಖ್ಯೆಗಳು, ಮೂರು ಕಾಮಾಗಳು. ನಡುವಿನ ಖಾಲಿ ಜಾಗ, ಕಾಮೆಂಟ್‌ಗಳನ್ನು ಲೆಕ್ಸರ್ ಎಸೆದುಬಿಡುತ್ತದೆ. ಸಿ, ಜಾವಾದಂಥ ಭಾಷೆಗಳಲ್ಲಿ ಹೊಸ ಸಾಲನ್ನೂ ಖಾಲಿ ಜಾಗ ಎಂದೇ ಎಸೆಯುತ್ತದೆ.

ಎರಡನೆಯದು ಪಾರ್ಸರ್. ಇದು ಟೋಕನ್‌ಗಳನ್ನು ಒಂದೊಂದಾಗಿ ಪಡೆದು, ಅವು ಭಾಷೆಯ ವ್ಯಾಕರಣಕ್ಕೆ ಹೊಂದುತ್ತವೆಯೇ ಎಂದು ನೋಡುತ್ತದೆ. ವ್ಯಾಕರಣದ ತಪ್ಪನ್ನು ಹಿಡಿಯುವುದು ಇದೇ.

ಈ ವಿಂಗಡಣೆ ಹೊಸದೇನಲ್ಲ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮೈಕ್ ಲೆಸ್ಕ್ ಮತ್ತು ಎರಿಕ್ ಶ್ಮಿಟ್ ಸೇರಿ ಲೆಕ್ಸರ್‌ಗಳನ್ನು ತಯಾರಿಸಿಕೊಡುವ 'ಲೆಕ್ಸ್' ಎಂಬ ಸಾಧನವನ್ನು ರೂಪಿಸಿದರು. ಅಲ್ಲಿಯೇ ಸ್ಟೀಫನ್ ಜಾನ್ಸನ್ ಪಾರ್ಸರ್‌ಗಳನ್ನು ತಯಾರಿಸಿಕೊಡುವ 'ಯಾಕ್' ಎಂಬ ಸಾಧನ ಮಾಡಿದರು. ಎರಡರ ವಿವರಣೆಯೂ 1975ರಲ್ಲಿ ಪ್ರಕಟವಾಯಿತು. ಆ ಎರಿಕ್ ಶ್ಮಿಟ್ ಅವರೇ 2001ರಲ್ಲಿ ಗೂಗಲ್‌ನ ಸಿಇಒ ಆದವರು.

ಇಲ್ಲೊಂದು ಸಮಸ್ಯೆ ಇದೆ, ಗಮನಿಸಿದಿರಾ? ತಪ್ಪು ಹಿಡಿಯುವುದು ಪಾರ್ಸರ್. ಆದರೆ ಪಾರ್ಸರ್ ಕಣ್ಣಿಗೆ ಸಾಲುಗಳೇ ಕಾಣುವುದಿಲ್ಲ! ಹೊಸ ಸಾಲಿನ ಗುರುತುಗಳನ್ನು ಲೆಕ್ಸರ್ ಮೊದಲೇ ಎಸೆದಾಗಿದೆ. ಹಾಗಾದರೆ '12ನೇ ಸಾಲು' ಎಂದು ಪಾರ್ಸರ್ ಹೇಳುವುದು ಹೇಗೆ?

ಟೋಕನ್ ಮೇಲೆ ಸಾಲಿನ ಸಂಖ್ಯೆ

ಉತ್ತರ ಸರಳ. ಎಸೆಯುವ ಮೊದಲು ಲೆಕ್ಸರ್ ಎಣಿಸಿಕೊಳ್ಳುತ್ತದೆ. ಫೈಲ್ ತೆರೆದಾಗ ಎಣಿಕೆ 1. ಹೊಸ ಸಾಲಿನ ಗುರುತು ಸಿಕ್ಕಾಗಲೆಲ್ಲ ಒಂದು ಕೂಡಿಸುತ್ತದೆ. ಪ್ರತಿ ಟೋಕನ್ ಮಾಡುವಾಗ, ಆ ಹೊತ್ತಿನ ಎಣಿಕೆಯನ್ನು ಟೋಕನ್ ಮೇಲೇ ಬರೆದು ಪಾರ್ಸರ್‌ಗೆ ಕಳಿಸುತ್ತದೆ. ಬ್ಯಾಂಕಿನಲ್ಲೋ ಆಸ್ಪತ್ರೆಯಲ್ಲೋ ಕೊಡುವ ಟೋಕನ್ ಮೇಲೆ ನಂಬರ್ ಇರುವಂತೆ. ಎಲ್ಲಿ ಹೋದರೂ ನಂಬರ್ ಜೊತೆಗೇ ಇರುತ್ತದೆ.

'ಟೋಕನ್ ಮೇಲೆ ಯಾಕೆ ಬರೆಯಬೇಕು? ಎರರ್ ಬಂದಾಗ ಲೆಕ್ಸರ್ ಎಷ್ಟನೇ ಸಾಲಿನಲ್ಲಿದೆ ಎಂದು ಕೇಳಿದರೆ ಸಾಲದೇ?' ಎಂದು ಅನ್ನಿಸಬಹುದು. ಸಾಲದು. ಪಾರ್ಸರ್ ನಿರ್ಧಾರ ಮಾಡುವ ಮೊದಲು ಮುಂದಿನ ಒಂದು ಟೋಕನ್ ಇಣುಕಿ ನೋಡುವುದು ಸಾಮಾನ್ಯ. ಆ ಮುಂದಿನ ಟೋಕನ್ 20 ಸಾಲಿನ ಕಾಮೆಂಟ್ ದಾಟಿದ ಮೇಲೆ ಇದ್ದರೆ, ಲೆಕ್ಸರ್‌ನ ಎಣಿಕೆ ಆಗಲೇ 20 ಸಾಲು ಮುಂದೆ ಓಡಿರುತ್ತದೆ. ಹೊಸದಾಗಿ ಕಂಪೈಲರ್ ಬರೆಯುವವರು ಹೆಚ್ಚಾಗಿ ಎಡವುವ ಜಾಗಗಳಲ್ಲಿ ಇದೂ ಒಂದು.

ಲೆಕ್ಸ್ ಮತ್ತು ಯಾಕ್‌ಗಳ ಇಂದಿನ ರೂಪಗಳಾದ ಫ್ಲೆಕ್ಸ್ ಮತ್ತು ಬೈಸನ್ ಈಗಲೂ ಬಳಕೆಯಲ್ಲಿವೆ. ಬೈಸನ್‌ನಲ್ಲಿ ಪ್ರತಿ ಟೋಕನ್‌ಗೆ ನಾಲ್ಕು ಸಂಖ್ಯೆ ಇಡಬಹುದು: ಶುರುವಾದ ಸಾಲು, ಶುರುವಾದ ಕಾಲಂ, ಮುಗಿದ ಸಾಲು, ಮುಗಿದ ಕಾಲಂ. ಫ್ಲೆಕ್ಸ್‌ನಲ್ಲಿ ಸಾಲು ಎಣಿಸುವ ಸೌಲಭ್ಯವಿದ್ದರೂ ಅದನ್ನು ಆನ್ ಮಾಡಬೇಕು. ಆ ಸಂಖ್ಯೆಯನ್ನು ಬೈಸನ್‌ಗೆ ದಾಟಿಸುವುದೂ ಪ್ರೋಗ್ರಾಂ ಬರೆಯುವವರ ಹೊಣೆ. ಅಂದರೆ ಎರರ್ ಸಂದೇಶದ ಲೈನ್ ನಂಬರ್ ಆಕಾಶದಿಂದ ಬೀಳುವುದಿಲ್ಲ. ಯಾರೋ ಒಬ್ಬರು ಕೂತು ಎಣಿಸುವ ವ್ಯವಸ್ಥೆ ಮಾಡಿರುತ್ತಾರೆ.

ದೊಡ್ಡ ಕಂಪೈಲರ್‌ಗಳು ಇನ್ನೊಂದು ಉಪಾಯ ಮಾಡುತ್ತವೆ. ಲಕ್ಷಾಂತರ ಟೋಕನ್‌ಗಳ ಮೇಲೆ ನಾಲ್ಕು ನಾಲ್ಕು ಸಂಖ್ಯೆ ಬರೆದರೆ ಮೆಮೊರಿ ಖರ್ಚು. ಆದ್ದರಿಂದ ಟೋಕನ್ ಮೇಲೆ ಅದು ಫೈಲ್‌ನ ಎಷ್ಟನೇ ಬೈಟ್‌ನಲ್ಲಿದೆ ಎಂಬ ಒಂದೇ ಸಂಖ್ಯೆ ಇಡುತ್ತವೆ. ಪ್ರತಿ ಸಾಲು ಎಷ್ಟನೇ ಬೈಟ್‌ನಿಂದ ಶುರುವಾಗುತ್ತದೆ ಎಂಬ ಪಟ್ಟಿಯನ್ನು ಬೇರೆ ಇಟ್ಟುಕೊಳ್ಳುತ್ತವೆ. ಎರರ್ ಬಂದಾಗ ಮಾತ್ರ ಆ ಪಟ್ಟಿಯಲ್ಲಿ ಹುಡುಕುತ್ತವೆ. ನಿಘಂಟಿನಲ್ಲಿ ಪದ ಹುಡುಕುವಾಗ ನಡುವಿನ ಪುಟ ತೆರೆದು, ಮುಂದೆಯೋ ಹಿಂದೆಯೋ ಎಂದು ನೋಡಿ, ಮತ್ತೆ ಅದರ ಅರ್ಧ ಹುಡುಕುವಂತೆ. ಈ ರೀತಿ ಹುಡುಕಿದರೆ 10,000 ಸಾಲಿನ ಫೈಲ್‌ನಲ್ಲೂ ಹೆಚ್ಚೆಂದರೆ 14 ಹೋಲಿಕೆಗಳಲ್ಲಿ ಸಾಲು ಸಿಗುತ್ತದೆ. ಸಿ ಭಾಷೆಯ ಕ್ಲ್ಯಾಂಗ್ ಮತ್ತು ರಸ್ಟ್ ಭಾಷೆಯ ಕಂಪೈಲರ್ ಇದೇ ದಾರಿಯಲ್ಲಿ ನಡೆಯುತ್ತವೆ.

ಎಣಿಕೆಯೇ ತಪ್ಪುವುದು ಯಾವಾಗ?

ಕೆಲವೊಮ್ಮೆ ಲೈನ್ ನಂಬರ್ ನಿಜಕ್ಕೂ ತಪ್ಪಾಗಿರುತ್ತದೆ. ಅದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ.

ಒಂದು, ಹಲವು ಸಾಲಿನ ಕಾಮೆಂಟ್ ಅಥವಾ ಪಠ್ಯ. ಲೆಕ್ಸರ್ ಇಡೀ ಕಾಮೆಂಟನ್ನು ಒಂದೇ ತುತ್ತಿಗೆ ನುಂಗಿ, ಅದರೊಳಗಿನ ಹೊಸ ಸಾಲುಗಳನ್ನು ಎಣಿಸಲು ಮರೆತರೆ, ಅಲ್ಲಿಂದ ಮುಂದಿನ ಎಲ್ಲ ಸಂಖ್ಯೆಗಳೂ ಹಿಂದೆ ಬೀಳುತ್ತವೆ. 10 ಹೊಸ ಸಾಲು ಬಿಟ್ಟುಹೋದರೆ 40ನೇ ಸಾಲಿನ ತಪ್ಪು 30ನೇ ಸಾಲು ಎಂದು ಬರುತ್ತದೆ. ಪೈಥಾನ್, ಜಾವಾದಂಥ ಪ್ರಬುದ್ಧ ಭಾಷೆಗಳಲ್ಲಿ ಈ ಭಯ ಬೇಡ. ಆದರೆ ಕಾಲೇಜು ಪ್ರಾಜೆಕ್ಟ್‌ಗೆ ಬರೆದ ಸಣ್ಣ ಭಾಷೆ, ಕಚೇರಿಯೊಳಗೆ ಮಾಡಿಕೊಂಡ ಟೆಂಪ್ಲೇಟ್ ಸಾಧನಗಳಲ್ಲಿ ಇದು ಸಾಮಾನ್ಯ.

ಎರಡು, ಹೊಸ ಸಾಲು ಎಂದರೆ ಏನು ಎಂಬ ಗೊಂದಲ. ಹಳೆಯ ಟೆಲಿಪ್ರಿಂಟರ್‌ಗಳಲ್ಲಿ ಹೊಸ ಸಾಲಿಗೆ ಎರಡು ಕೆಲಸ ಆಗಬೇಕಿತ್ತು: ಮುದ್ರಿಸುವ ಭಾಗವನ್ನು ಎಡಕ್ಕೆ ತರುವುದು, ಕಾಗದವನ್ನು ಒಂದು ಸಾಲು ಮೇಲೆ ಸರಿಸುವುದು. ಮೊದಲನೆಯದಕ್ಕೆ ಸಂಕೇತ 13, ಎರಡನೆಯದಕ್ಕೆ 10. ವಿಂಡೋಸ್ ಇಂದಿಗೂ ಪ್ರತಿ ಸಾಲಿನ ಕೊನೆಗೆ ಎರಡನ್ನೂ ಇಡುತ್ತದೆ. ಲಿನಕ್ಸ್ ಮತ್ತು ಇಂದಿನ ಮ್ಯಾಕ್ 10 ಒಂದನ್ನೇ ಇಡುತ್ತವೆ. ಮ್ಯಾಕ್ ಓಎಸ್ 9ರವರೆಗಿನ ಹಳೆಯ ಮ್ಯಾಕ್‌ಗಳು 13 ಒಂದನ್ನೇ ಇಡುತ್ತಿದ್ದವು. ಲೆಕ್ಸರ್ ಎರಡನ್ನೂ ಬೇರೆ ಬೇರೆ ಸಾಲು ಎಂದು ಎಣಿಸಿದರೆ ವಿಂಡೋಸ್ ಫೈಲ್‌ನ 12 ಸಾಲು 24 ಸಾಲಿನಂತೆ ಕಾಣುತ್ತದೆ. 10 ಮಾತ್ರ ಎಣಿಸಿದರೆ ಹಳೆಯ ಮ್ಯಾಕ್ ಫೈಲ್ ಇಡೀ ಒಂದೇ ಸಾಲು! ಅದಕ್ಕೇ ಒಳ್ಳೆಯ ಲೆಕ್ಸರ್ 13 ಮತ್ತು 10 ಒಟ್ಟಿಗೆ ಬಂದರೆ ಒಂದು ಸಾಲು, ಬೇರೆ ಬೇರೆ ಬಂದರೂ ಒಂದೊಂದು ಸಾಲು ಎಂದು ಲೆಕ್ಕ ಹಾಕುತ್ತದೆ.

ಎಣಿಕೆ ಸರಿಯಿದ್ದರೂ ಸಾಲು ಬೇರೆ ಯಾಕೆ?

ಇದು ಅತಿ ಹೆಚ್ಚು ಜನರನ್ನು ಕಾಡುವ ಪ್ರಶ್ನೆ. ಅಂಗಿಯ ಗುಂಡಿಯನ್ನು ನೆನಪಿಸಿಕೊಳ್ಳಿ. ಮೇಲಿನಿಂದ ಎರಡನೇ ಗುಂಡಿಯನ್ನು ತಪ್ಪಿ ಮೂರನೇ ಕಾಜಕ್ಕೆ ಹಾಕಿದ್ದೀರಿ. ಮುಂದಿನ ಪ್ರತಿ ಗುಂಡಿಗೂ ಒಂದು ಕಾಜ ಸಿಗುತ್ತಲೇ ಹೋಗುತ್ತದೆ. ಕೊನೆಗೆ ಒಂದು ಗುಂಡಿ ಉಳಿದಾಗಲೇ ಗೊತ್ತಾಗುವುದು. ತಪ್ಪಾದದ್ದು ಎರಡನೇ ಗುಂಡಿಯಲ್ಲಿ, ಗೊತ್ತಾದದ್ದು ಕೊನೆಯಲ್ಲಿ.

ಸಿ, ಜಾವಾ, ಪಿಎಚ್‌ಪಿ ಭಾಷೆಗಳಲ್ಲಿ ಹೂಬ್ರಾಕೆಟ್ ಮುಚ್ಚದಿದ್ದರೆ ಆಗುವುದು ಇದೇ. 8ನೇ ಸಾಲಿನ ಬ್ರಾಕೆಟ್ ಮುಚ್ಚಿಲ್ಲ. ಆದರೆ ಮುಂದೆ ಬರುವ ಬೇರೊಂದು ಮುಚ್ಚುವ ಬ್ರಾಕೆಟ್ ಅದಕ್ಕೆ ಜೋಡಿಯಾಗುತ್ತದೆ, ಅದರ ನಂತರದ್ದು ಇನ್ನೊಂದಕ್ಕೆ. ಕೊನೆಗೆ 200 ಸಾಲಿನ ಫೈಲ್ ಮುಗಿದ ಮೇಲೆ 'ಫೈಲ್ ಅನಿರೀಕ್ಷಿತವಾಗಿ ಮುಗಿಯಿತು, 200ನೇ ಸಾಲು' ಎಂಬ ಸಂದೇಶ ಬರುತ್ತದೆ. ಫೈಲ್‌ನ ಕೊನೆಯ ಸಾಲು ತೋರಿಸಿದರೆ ಅದಕ್ಕೆ ಮುಖ್ಯ ಅರ್ಥ ಒಂದೇ: ಮೇಲೆ ಎಲ್ಲೋ ತೆರೆದದ್ದು ಮುಚ್ಚಿಲ್ಲ.

ಸೆಮಿಕೋಲನ್ ಮರೆತರೂ ಇದೇ ಕಥೆ. ಸಿ ಭಾಷೆಯಲ್ಲಿ 4ನೇ ಸಾಲಿನ ಕೊನೆಗೆ ಸೆಮಿಕೋಲನ್ ಹಾಕದಿದ್ದರೆ, ಹೊಸ ಸಾಲಿಗೆ ಅಲ್ಲಿ ಬೆಲೆಯಿಲ್ಲವಾದ್ದರಿಂದ ಪಾರ್ಸರ್ 5ನೇ ಸಾಲಿನ ಮೊದಲ ಟೋಕನ್ ನೋಡಿಯೇ ಎಡವುತ್ತದೆ. ಆ ಟೋಕನ್ ಮೇಲೆ ಬರೆದಿರುವುದು 5. ಈ ಪಾರ್ಸರ್ ಜಾಣ್ಮೆ ತೋರಿಸಬಹುದಾದ ಜಾಗ ಇದು. ಸೆಮಿಕೋಲನ್‌ನಂಥದ್ದು ಬಿಟ್ಟುಹೋಗಿದೆ ಎಂದು ಗೊತ್ತಾದರೆ, ಎಡವಿದ ಟೋಕನ್ ಬದಲು ಅದರ ಹಿಂದಿನ ಟೋಕನ್‌ನ ಕೊನೆಯನ್ನು ತೋರಿಸಬಹುದು. ಕ್ಲ್ಯಾಂಗ್ ಹಾಗೆಯೇ ಮಾಡಿ, 4ನೇ ಸಾಲಿನ ತುದಿಗೆ ಬೊಟ್ಟು ಮಾಡುತ್ತದೆ. ಟೋಕನ್‌ನ ಆರಂಭದ ಜೊತೆ ಕೊನೆಯನ್ನೂ ಬರೆದಿಟ್ಟುಕೊಂಡರೆ ಆಗುವ ಲಾಭ ಇದು.

ಇದೆಲ್ಲದರಿಂದ ನಿಮಗೆ ಸಿಗುವ ಒಂದು ಗಟ್ಟಿ ಸೂತ್ರವಿದೆ. ಸಾಮಾನ್ಯವಾಗಿ ಬಳಸುವ ಪಾರ್ಸರ್‌ಗಳು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಓದುತ್ತವೆ. ಒಂದು ಟೋಕನ್ ಹತ್ತಿರ ನಿಂತವು ಎಂದರೆ, ಅಲ್ಲಿಯವರೆಗೆ ಬರೆದದ್ದನ್ನು ಹಾಗೇ ಬಿಟ್ಟು ಮುಂದೆ ಏನು ಬರೆದರೂ ಆ ಪ್ರೋಗ್ರಾಂ ಸರಿಯಾಗಲಾರದು ಎಂದರ್ಥ. ಆದ್ದರಿಂದ ತಿದ್ದಬೇಕಾದದ್ದು ಆ ಟೋಕನ್‌ನಲ್ಲಿ, ಇಲ್ಲವೇ ಅದಕ್ಕಿಂತ ಮೊದಲು. ಕೆಳಗೆ ಹುಡುಕಬೇಡಿ, ಮೇಲೆ ಹುಡುಕಿ.

ಈಗ ಪೈಥಾನ್ ಏನು ಹೇಳುತ್ತದೆ?

ನಮ್ಮ ಮೊದಲ ಉದಾಹರಣೆಗೆ ಮರಳೋಣ. ಪೈಥಾನ್ 2020ರ ಅಕ್ಟೋಬರ್‌ನಲ್ಲಿ ಬಂದ 3.9 ಆವೃತ್ತಿಯಲ್ಲಿ ತನ್ನ ಪಾರ್ಸರ್ ಬದಲಾಯಿಸಿತು. 2021ರ ಅಕ್ಟೋಬರ್‌ನಲ್ಲಿ ಬಂದ 3.10ರಲ್ಲಿ ಎರರ್ ಸಂದೇಶಗಳನ್ನು ತುಂಬಾ ಸುಧಾರಿಸಿತು. ಈಗ ಅದೇ ಕೋಡ್‌ಗೆ 1ನೇ ಸಾಲನ್ನು ತೋರಿಸಿ 'ಈ ಬ್ರಾಕೆಟ್ ಮುಚ್ಚಿಯೇ ಇಲ್ಲ' ಎಂಬ ಅರ್ಥದ ಸಂದೇಶ ಕೊಡುತ್ತದೆ.

ಇದು ಮಂತ್ರವೇನಲ್ಲ. ಬ್ರಾಕೆಟ್ ತೆರೆದಾಗಲೆಲ್ಲ ಅದು ಯಾವ ಸಾಲಿನದು ಎಂದು ಲೆಕ್ಸರ್ ಒಂದರ ಮೇಲೊಂದು ತಟ್ಟೆ ಪೇರಿಸಿದಂತೆ ಬರೆದಿಡುತ್ತದೆ. ಮುಚ್ಚಿದಾಗ ಮೇಲಿನ ತಟ್ಟೆ ತೆಗೆಯುತ್ತದೆ. ಎರರ್ ಬಂದಾಗ ತಟ್ಟೆ ಉಳಿದಿದ್ದರೆ, ಅದರ ಮೇಲಿರುವ ಸಾಲಿನ ಸಂಖ್ಯೆಯೇ ಉತ್ತರ. ಹಾಗೆಯೇ ಮೂರು ಕೋಟ್ ಹಾಕಿ ಶುರು ಮಾಡಿದ ಪಠ್ಯ ಮುಗಿಯದಿದ್ದರೆ, ಅದು ಶುರುವಾದ ಸಾಲು ಮತ್ತು ಗೊತ್ತಾದ ಸಾಲು ಎರಡನ್ನೂ ಹೇಳುತ್ತದೆ.

ಗಮನಿಸಿ: 'ಮುಚ್ಚಿಲ್ಲ' ಎಂಬ ಸಂದೇಶಕ್ಕೆ ಮೇಲಿನ ಸೂತ್ರ ತಿರುಗುಮುರುಗು. ಅಲ್ಲಿ ತೋರಿಸುವುದು ತೆರೆದ ಜಾಗವನ್ನು. ಮುಚ್ಚಬೇಕಾದ ಜಾಗವನ್ನು ನೀವು ಅಲ್ಲಿಂದ ಮುಂದಕ್ಕೆ ಹುಡುಕಬೇಕು.

ಕಾಲಂ ಸಂಖ್ಯೆ ಮತ್ತು ಕನ್ನಡದ ಅಕ್ಷರಗಳು

ಹಲವು ಎರರ್‌ಗಳಲ್ಲಿ ಸಾಲಿನ ಜೊತೆ ಕಾಲಂ ಸಂಖ್ಯೆಯೂ ಇರುತ್ತದೆ. ಅಂದರೆ ಆ ಸಾಲಿನಲ್ಲಿ ಎಷ್ಟನೇ ಅಕ್ಷರ ಎಂಬ ಲೆಕ್ಕ. ಇಂಗ್ಲಿಷ್ ಅಕ್ಷರಗಳಷ್ಟೇ ಇದ್ದರೆ ಇದು ಸುಲಭ. ಕನ್ನಡ ಬಂದರೆ 'ಒಂದು ಅಕ್ಷರ' ಎಂದರೇನು ಎಂಬ ಪ್ರಶ್ನೆ ಏಳುತ್ತದೆ.

'ನಮಸ್ಕಾರ' ಪದವನ್ನೇ ತೆಗೆದುಕೊಳ್ಳಿ. ನಮಗೆ ಇದರಲ್ಲಿ ಕಾಣುವುದು 4 ಅಕ್ಷರ: ನ, ಮ, ಸ್ಕಾ, ರ. ಆದರೆ ಯೂನಿಕೋಡ್ ಪ್ರಕಾರ ಇದರಲ್ಲಿ 7 ಸಂಕೇತಗಳಿವೆ, ಏಕೆಂದರೆ 'ಸ್ಕಾ' ಒಂದರಲ್ಲೇ ಸ, ಹಲಂತ, ಕ, ಆಕಾರದ ಗುರುತು ಎಂದು ನಾಲ್ಕಿವೆ. ಫೈಲ್‌ನಲ್ಲಿ ಉಳಿಸುವಾಗ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು, ಅಂದರೆ ಒಟ್ಟು 21 ಬೈಟ್. ಒಂದೇ ಪದ, ಮೂರು ಉದ್ದ: 4, 7, 21.

ಬೈಟ್ ಎಣಿಸುವ ಸಾಧನ ಬಳಸಿದರೆ, ಕನ್ನಡ ಪದದ ಮುಂದಿರುವ ತಪ್ಪಿಗೆ ಅದು ಹೇಳುವ ಕಾಲಂ ನಿಮ್ಮ ಕಣ್ಣಿಗೆ ಕಾಣುವ ಜಾಗಕ್ಕಿಂತ ತುಂಬಾ ಬಲಕ್ಕಿರುತ್ತದೆ. ಎರರ್ ಕೆಳಗೆ ಬರುವ ಬಾಣದ ಗುರುತೂ ಬೇರೆಲ್ಲೋ ನಿಲ್ಲುತ್ತದೆ. ಸಿ ಭಾಷೆಯ ಜಿಸಿಸಿ ಕಂಪೈಲರ್‌ನಲ್ಲಿ 11ನೇ ಆವೃತ್ತಿಯಿಂದ, ಕಾಲಂ ಎಂದರೆ ಬೈಟೋ ಪರದೆಯ ಮೇಲಿನ ಅಗಲವೋ ಎಂದು ಆರಿಸಿಕೊಳ್ಳುವ ಅವಕಾಶ ಬಂದಿದೆ. ಟ್ಯಾಬ್ ಕೀಲಿಯದ್ದೂ ಇದೇ ಗೋಳು. ಒಂದು ಎಡಿಟರ್ ಅದನ್ನು 4 ಜಾಗ ಎಂದು ತೋರಿಸಿದರೆ ಇನ್ನೊಂದು 8 ಎಂದು ತೋರಿಸುತ್ತದೆ. ಆದ್ದರಿಂದ ಕನ್ನಡ ಇರುವ ಸಾಲಿನಲ್ಲಿ ಸಾಲಿನ ಸಂಖ್ಯೆಯನ್ನು ನಂಬಿ, ಕಾಲಂ ಸಂಖ್ಯೆಯನ್ನು ಅಂದಾಜು ಎಂದು ತಿಳಿಯಿರಿ.

ಇನ್ನೊಂದು ವಿಷಯ. ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ಆದರೆ 'ಬ್ಯಾಂಕ್‌ನ' ಎಂಬಂಥ ಪದಗಳಲ್ಲಿ ಒತ್ತಕ್ಷರ ಆಗದಂತೆ ತಡೆಯಲು ನಡುವೆ ಒಂದು ಕಾಣದ ಗುರುತು ಇರುತ್ತದೆ. ಹೆಸರಿನೊಳಗೆ ಆ ಗುರುತನ್ನು ಪೈಥಾನ್ ಒಪ್ಪುವುದಿಲ್ಲ. ಕಣ್ಣಿಗೆ ಎಲ್ಲವೂ ಸರಿ, ಆದರೂ ಎರರ್! ಇಂಥ ಕಡೆ ಆ ಗುರುತು ಬೇಡದ ಹೆಸರನ್ನೇ ಆರಿಸಿಕೊಳ್ಳಿ.

ಫಾರ್ವರ್ಡ್ ಆಗಿ ಬಂದ ಕೋಡ್ ಯಾಕೆ ಓಡುವುದಿಲ್ಲ?

ಗ್ರೂಪ್‌ನಲ್ಲಿ ಬಂದ ಕೋಡನ್ನು ಕಾಪಿ ಮಾಡಿ ಹಾಕಿದರೆ ಮೊದಲ ಸಾಲಿನಲ್ಲೇ ಎರರ್ ಬರುವುದುಂಟು. ಸಾಮಾನ್ಯ ಕಾರಣ ಕೋಟ್ ಚಿಹ್ನೆ. ವರ್ಡ್ ಮತ್ತು ಕೆಲವು ಫೋನ್ ಕೀಬೋರ್ಡ್‌ಗಳು ನೇರ ಕೋಟ್‌ಗಳನ್ನು ಅಂದಕ್ಕಾಗಿ ಬಾಗಿದ ಕೋಟ್‌ಗಳಾಗಿ ತಾವಾಗಿಯೇ ಬದಲಿಸುತ್ತವೆ. ನಮಗೆ ಎರಡೂ ಒಂದೇ, ಲೆಕ್ಸರ್‌ಗೆ ಅಲ್ಲ. ಬಾಗಿದ ಕೋಟ್‌ನಿಂದ ಅದು ಯಾವ ಟೋಕನ್ನೂ ಮಾಡಲಾರದು.

ಇಂಥ ತಪ್ಪನ್ನು ಲೆಕ್ಸರ್ ತಾನೇ ಹಿಡಿಯುವುದರಿಂದ ಲೈನ್ ನಂಬರ್ ಕರಾರುವಾಕ್ಕಾಗಿರುತ್ತದೆ. ಇಂದಿನ ಪೈಥಾನ್ ಯಾವ ಚಿಹ್ನೆ ಎಂಬುದನ್ನೂ ಹೇಳುತ್ತದೆ. ಸಂದೇಶದಲ್ಲಿ 'ಇನ್‌ವ್ಯಾಲಿಡ್ ಕ್ಯಾರೆಕ್ಟರ್' ಎಂದಿದ್ದರೆ ಅದೇ ಸಾಲಿನಲ್ಲಿ ಹುಡುಕಿ. ಆ ಚಿಹ್ನೆಯನ್ನು ಅಳಿಸಿ ನಿಮ್ಮ ಕೀಬೋರ್ಡ್‌ನಿಂದ ಮತ್ತೆ ಹಾಕಿ.

'40 ಎರರ್ ಬಂದಿದೆ' ಎಂದರೆ 40 ತಪ್ಪುಗಳೇ?

ಅಲ್ಲ. ಒಂದು ತಪ್ಪು ಸಿಕ್ಕ ಕೂಡಲೇ ನಿಲ್ಲದೆ, ಉಳಿದ ತಪ್ಪುಗಳನ್ನೂ ಒಟ್ಟಿಗೆ ತೋರಿಸೋಣ ಎಂದು ಹಲವು ಕಂಪೈಲರ್‌ಗಳು ಮುಂದುವರಿಯುತ್ತವೆ. ಅದಕ್ಕಾಗಿ ಪಾರ್ಸರ್ ಕೆಲವು ಟೋಕನ್‌ಗಳನ್ನು ಬಿಟ್ಟು, ಮುಂದಿನ ಸೆಮಿಕೋಲನ್‌ನಂಥ ಸುರಕ್ಷಿತ ಜಾಗಕ್ಕೆ ಹಾರುತ್ತದೆ. ಇದಕ್ಕೆ 'ಪ್ಯಾನಿಕ್ ಮೋಡ್' ಎಂದೇ ಹೆಸರು. ಹಾರುವಾಗ ಲೆಕ್ಕ ತಪ್ಪಿದರೆ ಸರಿಯಾಗಿರುವ ಸಾಲುಗಳ ಮೇಲೂ ದೂರು ಬರುತ್ತದೆ. ಹಾಗಾಗಿ ಮೊದಲ ಎರರ್ ಮಾತ್ರ ಸರಿಪಡಿಸಿ, ಮತ್ತೆ ರನ್ ಮಾಡಿ. ಉಳಿದ 39ರಲ್ಲಿ ಬಹಳಷ್ಟು ತಾವಾಗಿಯೇ ಮಾಯವಾಗಬಹುದು.

ಇನ್ನೊಂದು ವಿಚಿತ್ರ: ವೆಬ್‌ಸೈಟ್‌ಗಳಲ್ಲಿ '1ನೇ ಸಾಲು, 48,210ನೇ ಕಾಲಂ' ಎಂಬಂಥ ಎರರ್ ಕಾಣುತ್ತದೆ. ಬೇಗ ಡೌನ್‌ಲೋಡ್ ಆಗಲಿ ಎಂದು ಜಾವಾಸ್ಕ್ರಿಪ್ಟ್ ಫೈಲ್‌ನ ಖಾಲಿ ಜಾಗ, ಹೊಸ ಸಾಲು ಎಲ್ಲ ತೆಗೆದು ಒಂದೇ ಸಾಲು ಮಾಡಿರುತ್ತಾರೆ. ಎಣಿಕೆ ಸರಿಯಾಗಿದೆ, ಆದರೆ ಉಪಯೋಗವಿಲ್ಲ. ಮೂಲ ಫೈಲ್‌ನ ಸಾಲು ಯಾವುದು ಎಂದು ತಿಳಿಸುವ 'ಸೋರ್ಸ್ ಮ್ಯಾಪ್' ಎಂಬ ಜೊತೆ ಫೈಲ್ ಇದ್ದರೆ ಬ್ರೌಸರ್ ಅದನ್ನು ನೋಡಿ ಮೂಲ ಸಾಲನ್ನೇ ತೋರಿಸುತ್ತದೆ.

ಎರರ್ ಬಂದರೆ ಹೀಗೆ ಮಾಡಿ

1. ಲೈನ್ ನಂಬರ್ ಜೊತೆ ಸಂದೇಶವನ್ನೂ ಪೂರ್ತಿ ಓದಿ. 'ಮುಚ್ಚಿಲ್ಲ' ಎಂದಿದೆಯೋ, 'ಅನಿರೀಕ್ಷಿತ' ಎಂದಿದೆಯೋ ಎಂಬುದರಲ್ಲೇ ಅರ್ಧ ಉತ್ತರವಿದೆ.

2. ತೋರಿಸಿದ ಸಾಲು ನೋಡಿ. ಅಲ್ಲಿ ಏನೂ ಇಲ್ಲದಿದ್ದರೆ ಅದರ ಹಿಂದಿನ ಸಾಲಿನ ಕೊನೆ ನೋಡಿ. ಸೆಮಿಕೋಲನ್, ಕಾಮಾ, ಬ್ರಾಕೆಟ್, ಕೋಟ್ ಬಿಟ್ಟುಹೋಗಿದೆಯೇ?

3. ಫೈಲ್‌ನ ಕೊನೆಯ ಸಾಲು ತೋರಿಸಿದರೆ, ಮುಚ್ಚದ ಬ್ರಾಕೆಟ್ ಅಥವಾ ಕೋಟ್‌ಗಾಗಿ ಮೇಲಿನಿಂದ ಹುಡುಕಿ. ಬ್ರಾಕೆಟ್ ಮೇಲೆ ಕರ್ಸರ್ ಇಟ್ಟರೆ ಅದರ ಜೋಡಿಯನ್ನು ಹಲವು ಎಡಿಟರ್‌ಗಳು ತೋರಿಸುತ್ತವೆ.

4. ಹಲವು ಎರರ್ ಇದ್ದರೆ ಮೊದಲನೆಯದನ್ನು ಮಾತ್ರ ಸರಿಪಡಿಸಿ ಮತ್ತೆ ರನ್ ಮಾಡಿ.

5. ಪ್ರೋಗ್ರಾಂ ಶುರುವಾಗಿ, ನಡುವೆ ನಿಂತರೆ ಅದು ವ್ಯಾಕರಣದ ತಪ್ಪಲ್ಲ. ಆಗ ಲೈನ್ ನಂಬರ್ ಪ್ರೋಗ್ರಾಂ ನಿಂತ ಜಾಗ. ಉದಾಹರಣೆಗೆ 30ನೇ ಸಾಲಿನಲ್ಲಿ ಸೊನ್ನೆಯಿಂದ ಭಾಗಿಸಿ ನಿಂತರೆ, ಆ ಸೊನ್ನೆ ಎಲ್ಲಿಂದ ಬಂತು ಎಂದು ಹಿಂದಕ್ಕೆ ನೋಡಿ.

6. ಗ್ರೂಪ್‌ನಲ್ಲಿ ಸಹಾಯ ಕೇಳುವಾಗ ಎರರ್ ಬಂದ ಒಂದೇ ಸಾಲಿನ ಫೋಟೋ ಕಳಿಸಬೇಡಿ. ಕನಿಷ್ಠ ಅದರ ಮೇಲಿನ ಹತ್ತು ಸಾಲು ಮತ್ತು ಪೂರ್ತಿ ಸಂದೇಶವನ್ನು ಕಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಕೋಡ್‌ನ ಹಿಂದೆ ಮುಂದೆ ಮೂರು ಬ್ಯಾಕ್‌ಟಿಕ್ ಹಾಕಿದರೆ ಎಲ್ಲ ಅಕ್ಷರಗಳೂ ಒಂದೇ ಅಗಲದಲ್ಲಿ ಕಾಣುತ್ತವೆ.

ಒಟ್ಟಿನಲ್ಲಿ

'ಎರರ್ ತೋರಿಸಿದ ಸಾಲಿನಲ್ಲೇ ತಪ್ಪಿರುತ್ತದೆ' ಎಂಬುದು ಅರ್ಧ ಸತ್ಯ. ಲೆಕ್ಸರ್ ಸಾಲುಗಳನ್ನು ಎಣಿಸಿ ಟೋಕನ್ ಮೇಲೆ ಬರೆಯುತ್ತದೆ. ಪಾರ್ಸರ್ ತಾನು ಎಡವಿದ ಟೋಕನ್ ಮೇಲಿನ ಸಂಖ್ಯೆಯನ್ನು ಓದಿ ಹೇಳುತ್ತದೆ. ನೀವು ಏನು ಬರೆಯಬೇಕೆಂದುಕೊಂಡಿದ್ದಿರಿ ಎಂಬುದು ಅದಕ್ಕೆ ಗೊತ್ತಿಲ್ಲ. ಬರೆದದ್ದು ಎಲ್ಲಿಯವರೆಗೆ ಓದಲು ಬಂತು ಎಂಬುದಷ್ಟೇ ಗೊತ್ತು.

ಸರಿಯಾದ ಸಾಲನ್ನೇ ಮತ್ತೆ ಮತ್ತೆ ತಿದ್ದಿ ಸೋತು ಕಂಪ್ಯೂಟರ್ ಮುಚ್ಚಿಡುವ ವಿದ್ಯಾರ್ಥಿಗಳು ನಿಮ್ಮ ಮನೆಯಲ್ಲೋ ಗ್ರೂಪ್‌ನಲ್ಲೋ ಇದ್ದರೆ, ಅವರಿಗೆ ಈ ಒಂದು ಮಾತು ತಲುಪಿಸಿ: ಆ ಸಂಖ್ಯೆ ಹುಡುಕಾಟ ಶುರು ಮಾಡಬೇಕಾದ ಜಾಗ. ಅಲ್ಲಿಂದ ಮೇಲಕ್ಕೆ ಓದುತ್ತಾ ಹೋಗಿ.